ಸರಕಾರದವರ ಬಾಕು

ಜಮಖಂಡಿಯಲ್ಲಿ ಹಾವಿಗೆ ಹೆದರುವವರಿದ್ದರು, ದೆವ್ವಕ್ಕೆ ಹೆದರುವವರಿದ್ದರು, ಹೆಂಡತಿಗೆ ಹೆದರುವವರಂತೂ ಓಣಿ ತುಂಬ ಇದ್ದರು. ಆದರೆ ಕಲ್ಲಿನ ಬಾಕಿಗೆ ಹೆದರುವ ಮನುಷ್ಯ ಊರಿಗೆಲ್ಲ ನಮ್ಮ ಕಾಕಾ ಒಬ್ಬರೇ! ಬಾಕು ಎಂದರೆ ಮತ್ತೇನಲ್ಲ, ಮೂರ್ನಾಲ್ಕು ಜನ ಸಾಲಾಗಿ ಕೂಡಬಹುದಾದ, ಬೆನ್ನಿಗೊಂದು ಒರಗು ಇದ್ದ ಕಲ್ಲಿನ ಆಸನ. ಊರ ಹೊರಗಿನ ಕೆರೆಯ ದಂಡೆಯ ತೋಟದಲ್ಲಿತ್ತು. ಅದು ಯಾರನ್ನೂ ಕಚ್ಚಿದ್ದಿಲ್ಲ, ಒದ್ದದ್ದಿಲ್ಲ. ಆದರೂ ಕಾಕಾ ಅದರ ಮುಂದೆ ಹೋಗುವಾಗ ಚಪ್ಪಲಿ ಕಳಚಿ, ಸೊಂಟ ಬಗ್ಗಿಸಿ, ಕೈಯನ್ನು ನೆಲದಿಂದ ಹಣೆಗೆ ತಂದು ಮುಜರೆ ಮಾಡಿ, ಆಮೇಲೆ ಬೆನ್ನು ತೋರಿಸದೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತ ಬರುತ್ತಿದ್ದರು. ಹಾಗೆ ಬರುವಾಗ ಒಂದು ಸಲ ಗುಲಾಬಿ ಗಿಡದ ಮೇಲೆ ಹೋಗಿ ಕೂತದ್ದೂ ಉಂಟು. ‘ಏನಾತ್ರಿ?’ ಎಂದು ಗಾಬರಿಯಿಂದ ಕೇಳಿದರೆ, ‘ಏನಿಲ್ಲ. ಬಾಗದಾಗ ಗುಲಾಬಿ ಇನ್ನೂ ಜೀವಂತ ಅದ’ ಎಂದರು!

ನಗುವುದಿದ್ದರೆ ನಕ್ಕುಬಿಡಿ. ನಾನೂ ಬಾಯಿಗೆ ಸೆರಗು ಹಿಡಿದು ಬೇಕಾದಷ್ಟು ನಕ್ಕಿದ್ದೇನೆ. ಈಗ ನೆನೆದರೆ ನಗು ಬರುತ್ತದೆ, ಆದರೆ ಮೊದಲಿನ ಹಾಗೆ ಪೂರ್ತಿ ಬರುವುದಿಲ್ಲ.

ಕಾಕಾ ಎಂದರೆ ನನ್ನ ಗಂಡನ ಕಾಕಾ. ಲಗ್ನವಾಗಿ ಬಂದ ಮೇಲೆ ನನಗೂ ಕಾಕಾ, ಅವರ ಹೆಂಡತಿ ನನಗೂ ಕಾಕು. ಅವರಿಗೆ ಮಕ್ಕಳಿರಲಿಲ್ಲ. ತಾಯಿ ತಂದೆ ಇಲ್ಲದ ನನ್ನ ಗಂಡನನ್ನು ಸಾಕಿದವರು ಅವರೇ. ನನ್ನ ಗಂಡ ಬನಹಟ್ಟಿಯ ಸಾಲೆಯಲ್ಲಿ ಮಾಸ್ತರರು. ಶನಿವಾರ ಸಂಜೆ ಬಂದು ಸೋಮವಾರ ನಸುಕಿನಲ್ಲಿ ಮೋಟಾರು ಹಿಡಿದು ಹೋಗಿಬಿಡುತ್ತಿದ್ದರು. ಹೀಗಾಗಿ ವಾರವೆಲ್ಲ ಆ ಹಳೆಯ ಕತ್ತಲೆ ವಾಡೆಯಲ್ಲಿ ಇರುವವರು ನಾವು ಮೂವರೇ. ನಾನು ಮುಧೋಳದವಳು. ಮುಧೋಳವೂ ಒಂದು ಸಂಸ್ಥಾನವೇ ಆಗಿತ್ತಲ್ಲ, ನಮಗೂ ರಾಜರಿದ್ದರು. ಆದರೆ ಕಾಕಾ ಅದನ್ನು ಒಪ್ಪಬೇಕಲ್ಲ! ‘ಮುಧೋಳದಾಗ ನಾಯಿ ಛಲೋ’ ಎನ್ನುವರು. ನಾನು ಮುಂದಿನ ಮಾತಿಗೆ ಕಾಯುತ್ತಿದ್ದೆ. ಮುಂದೆ ಮಾತೇ ಇರುತ್ತಿರಲಿಲ್ಲ. ನಮ್ಮ ಇಡೀ ಸಂಸ್ಥಾನ ಅಲ್ಲಿಗೆ ಮುಗಿಯಿತು.

ಅವರ ಸಂಸ್ಥಾನ ಮಾತ್ರ ಮುಗಿಯಲೇ ಇಲ್ಲ. ಕಾಕಾ ಜಮಖಂಡಿ ದರಬಾರದ ಖಾಸಗಿ ಖಾತೆಯಲ್ಲಿ ಕಾರಕೂನರಾಗಿದ್ದವರು. ಹೆಸರಿಗೆ ಕಾರಕೂನಿಕೆ. ನಿಜವಾದ ಕೆಲಸ ಏನೆಂದರೆ, ಸಂಜೆ ಸರಕಾರ ಕೆರೆಯ ತೋಟಕ್ಕೆ ಹವಾ ತಿನ್ನಲು ಬರುವ ಮೊದಲು ಆ ಬಾಕನ್ನು ಒರೆಸಿಡುವುದು. ಸರಕಾರ ಎಂದರೆ ರಾಜರು, ಊರವರು ಅವರನ್ನು ಕರೆಯುತ್ತಿದ್ದುದೇ ಹಾಗೆ. ಸರಕಾರ ಕೂತಿರುವಷ್ಟು ಹೊತ್ತು ಕಾಕಾ ಕೆಳಗೆ ಮದರಂಗಿ ಬೇಲಿಯ ಹಿಂದೆ ಕೈ ಕಟ್ಟಿ ನಿಂತಿರಬೇಕು. ಒಂದು ಸಂಜೆ ಸರಕಾರ ಬಾಕಿನ ಮೇಲೆ ಕೂತು, ಸುತ್ತ ಒಮ್ಮೆ ನೋಡಿ ಮರಾಠಿಯಲ್ಲಿ ‘ಛಾನ್!’, ಅಂದರೆ ಬಹಳ ಚೆನ್ನಾಗಿದೆ, ಎಂದರಂತೆ. ಅಷ್ಟೇ. ಅದನ್ನು ಬಾಕಿಗೆ ಹೇಳಿದರೋ, ಕೆರೆಗೆ ಹೇಳಿದರೋ, ತಣ್ಣಗಿನ ಸಂಜೆಗೆ ಹೇಳಿದರೋ ಯಾರು ಕಂಡರು? ಕಾಕಾ ಅದು ತಮಗೇ ಹೇಳಿದ್ದು ಎಂದು ಇಟ್ಟುಕೊಂಡರು. ಇಡೀ ನೌಕರಿಯಲ್ಲಿ ಅವರಿಗೆ ಸಿಕ್ಕ ಬಹುಮಾನ ಆ ಒಂದು ಶಬ್ದ.

ಆಮೇಲೆ ಸಂಸ್ಥಾನಗಳೆಲ್ಲ ಮುಂಬಯಿ ರಾಜ್ಯಕ್ಕೆ ಸೇರಿದವು. ದರಬಾರ ಮುಚ್ಚಿತು, ಕಾಕಾಗೆ ಪಿಂಚಣಿಯಾಯಿತು. ಸರಕಾರ ತೋಟಕ್ಕೆ ಬರುವುದು ನಿಂತಿತು. ಕಾಕಾ ಬಾಕು ಒರೆಸುವುದು ನಿಲ್ಲಲಿಲ್ಲ! ದಿನಾ ಸಂಜೆ ಉಪರಣೆ ಹೆಗಲಿಗೆ ಹಾಕಿಕೊಂಡು ಹೋಗಿ, ಅದೇ ಉಪರಣೆಯಿಂದ ಬಾಕು ಒರೆಸಿ, ಬೇಲಿಯ ಹಿಂದೆ ಒಂದಿಷ್ಟು ಹೊತ್ತು ನಿಂತು, ಕತ್ತಲಾಗುವ ಮೊದಲು ಮನೆಗೆ ಬರುತ್ತಿದ್ದರು. ನನ್ನ ಗಂಡ ಒಂದು ಸಲ ತಡೆಯಲಾರದೆ ಕೇಳಿದರು.

‘ಕಾಕಾ, ಸಂಸ್ಥಾನ ಹೋತಲ್ರಿ.’

‘ಸಂಸ್ಥಾನ ಹೋತು. ಬಾಕು ಹೋಗಿಲ್ಲಲಾ?’

ಮಾಸ್ತರರು ಸೋಮವಾರದ ಮೋಟಾರಿಗೆ ಚೀಲ ತುಂಬಲು ಎದ್ದರು.

ಕಾಕಾ ಇಷ್ಟಕ್ಕೇ ನಿಂತಿದ್ದರೆ ಅದು ಅವರ ಮತ್ತು ಆ ಕಲ್ಲಿನ ನಡುವಿನ ವ್ಯವಹಾರವಾಗಿ ಉಳಿಯುತ್ತಿತ್ತು. ಆದರೆ ಕಾಕುವಿಗೆ ದಮ್ಮು ಹತ್ತಿತು. ಹೊಗೆ ಹೋಗಲು ಕಿಂಡಿಯಿಲ್ಲದ ಅಡಿಗೆಮನೆಯಲ್ಲಿ ವರ್ಷಗಟ್ಟಲೆ ಹಸಿ ಕಟ್ಟಿಗೆ ಊದಿದ ಎದೆ. ಆ ಶ್ರಾವಣದ ಹೊತ್ತಿಗೆ ಒಂದು ಕೊಡ ನೀರು ಎತ್ತಿದರೆ ಗೋಡೆ ಹಿಡಿದು ನಿಲ್ಲುವ ಹಾಗಾಯಿತು. ಕೂತೇ ಮಲಗುತ್ತಿದ್ದರು. ಡಾಕ್ಟರರು ಬಂದು ಎದೆಗೆ ಕೊಳವೆ ಇಟ್ಟು ಕೇಳಿ, ಕಾಕಾನನ್ನು ಪಡಸಾಲೆಗೆ ಕರೆದು ಹೇಳಿದರು.

‘ಔಷಧ ನಾ ಕೊಡ್ತೀನಿ. ಆದರ ಇವರಿಗೆ ಬೇಕಾದದ್ದು ಹವಾ. ಈ ವಾಡೇದಾಗ ಹವಾ ಎಲ್ಲೆದ? ದಿನಾ ಸಂಜಿಮುಂದ ಕೆರಿ ದಂಡಿಗೆ ಕರಕೊಂಡು ಹೋಗಿ ಕೂಡಸ್ರಿ. ನೀರಿನ ಮ್ಯಾಲಿನ ಗಾಳಿ ಮಾರಿಗೆ ಬಡೀಬೇಕು. ಇಲ್ಲಾಂದ್ರ ಈ ಥಂಡಿ ದಾಟೂದು ಕಠಿಣ ಅದ.’

ಕಂಬದ ಮರೆಯಲ್ಲಿ ನಿಂತ ನನಗೂ ಕೇಳಿಸಿತು, ಒಳಗೆ ಒರಗಿ ಕೂತ ಕಾಕುವಿಗೂ ಕೇಳಿಸಿತು.

ಕಾಕಾ ಇದನ್ನು ಡಾಕ್ಟರರ ಸಲಹೆ ಎಂದು ತಿಳಿಯಲಿಲ್ಲ, ಹುಕುಮು ಎಂದು ತಿಳಿದರು. ಮರುದಿನ ಮಧ್ಯಾಹ್ನದಿಂದಲೇ ತಯಾರಿ. ಜಮಖಾನೆ ಬಂತು, ಕೊಡೆ ಬಂತು, ತಿರುವಿನ ಮುಚ್ಚಳದ ಫಿರ್ಕಿ ತಂಬಿಗೆಯಲ್ಲಿ ಕಾಯಿಸಿ ಆರಿಸಿದ ನೀರು ಬಂತು. ತಾವು ಕರಿ ಕೋಟು ಹಾಕಿ, ದರಬಾರದ ರುಮಾಲು ಸುತ್ತಿಕೊಂಡರು. ಕಾಕು ಮನೆಯಲ್ಲುಟ್ಟ ಮೆತ್ತಗಿನ ಸೀರೆಯಲ್ಲೇ ಹೊಸ್ತಿಲ ತನಕ ಬಂದಿದ್ದರು. ಕಾಕಾ ಅವರನ್ನು ಮೇಲಿನಿಂದ ಕೆಳಗೆ ನೋಡಿದರು.

‘ಹಿಂಗs ಬರ್ತೀಯೇನು? ಸರಕಾರಿ ಬಾಗಕ್ಕ?’

ಮತ್ತೆ ಒಳಗೆ ಹೋಗಿ ಪೆಟ್ಟಿಗೆಯಿಂದ ಜರಿಯ ಸೀರೆ ತೆಗೆದು ಕಚ್ಚೆ ಹಾಕಿ ಉಡಿಸಿದ್ದಾಯಿತು. ಅದು ಉಡುವಷ್ಟರಲ್ಲಿ ಕಾಕು ಎರಡು ಕಡೆ ಕೂತು ದಣಿವಾರಿಸಿಕೊಂಡರು. ಕೊನೆಗೆ ಮೂಗಿಗೆ ಮುತ್ತಿನ ನತ್ತು. ಉಸಿರಿಗೆಂದು ಹೊರಟವರ ಮೂಗಿಗೇ ನತ್ತು! ಕಾಕು ನನ್ನ ಕಿವಿಯಲ್ಲಿ, ‘ಹವಾ ಒಳಗ ಹೋಗಬೇಕಂದ್ರ ಮೊದಲ ನತ್ತಿನ ಅಪ್ಪಣಿ ತಗೋಬೇಕು ನೋಡವಾ’ ಎಂದರು. ನಗಲು ಹೋಗಿ ಕೆಮ್ಮು ಬಂತು.

ಟಾಂಗಾ ಮಾಡಿಕೊಂಡು ಹೋದೆವು. ತೋಟದ ಬಾಗಿಲು ಇನ್ನೂ ದೂರವಿರುವಾಗಲೇ ಕಾಕಾ ಟಾಂಗಾ ನಿಲ್ಲಿಸಿದರು. ಗಾಲಿಯ ಮೇಲೆ ಬಾಗಿಲ ತನಕ ಬರುವ ಹಕ್ಕು ಸರಕಾರದವರಿಗೆ ಮಾತ್ರವಂತೆ. ಅಲ್ಲಿಂದ ಕಾಕು ನನ್ನ ಭುಜ ಹಿಡಿದು, ನಿಂತು ನಿಂತು ನಡೆದರು. ದೊಡ್ಡ ಬಾಗಿಲೂ ನಮಗೆ ಕೂಡದು, ಪಕ್ಕದ ದಿಂಡಿ ಬಾಗಿಲಿನಿಂದ ಹೋಗಬೇಕು. ಅದು ಎಷ್ಟು ಗಿಡ್ಡವೆಂದರೆ ನನ್ನಂಥ ಕುಳ್ಳಿಯೂ ಬಗ್ಗಬೇಕು. ದಿಂಡಿಯ ಎಡಕ್ಕೆ ಕಾಂಪೌಂಡು ಗೋಡೆ ಬಿದ್ದು ಒಂದು ಬಂಡಿ ಹೋಗುವಷ್ಟು ಬಯಲಾಗಿತ್ತು. ಊರಿನ ಎಮ್ಮೆಗಳು ಆ ಬಯಲಿನಿಂದ ತಲೆಯೆತ್ತಿಕೊಂಡು ಒಳಗೆ ಹೋಗುತ್ತಿದ್ದವು. ನಾವು ದಿಂಡಿಯಿಂದ ಸೊಂಟ ಬಗ್ಗಿಸಿ ಹೋದೆವು. ಒಂದು ಎಮ್ಮೆ ನಿಂತು ನಮ್ಮನ್ನು ನೋಡಿತು. ಅದಕ್ಕೂ ವಿಚಿತ್ರವೆನಿಸಿರಬೇಕು.

ತೋಟದ ಸ್ಥಿತಿ ಏನು ಹೇಳಲಿ! ಕಾರಂಜಿಯಲ್ಲಿ ನೀರಿಲ್ಲ, ಒಣ ಎಲೆ ತುಂಬಿತ್ತು. ಹಾದಿಯ ಎರಡೂ ಕಡೆ ಹೂವಿನ ಪಾತಿಗಳಿದ್ದ ಗುರುತು ಮಾತ್ರ ಉಳಿದಿತ್ತು. ಕೆರೆಯ ನೀರು ದಂಡೆ ಬಿಟ್ಟು ಒಳಗೆ ಸರಿದು, ನಡುವೆ ಕೆಸರಿನ ಪಟ್ಟಿ ಬಿದ್ದಿತ್ತು. ಮೇಲೆ ಮೋಡ, ಅದೂ ಮಳೆ ಸುರಿಸುವ ಮೋಡವಲ್ಲ, ಸುಮ್ಮನೆ ಬೆಳಕನ್ನು ತಡೆದು ಕೂತ ಮೋಡ. ಆ ತೋಟದಲ್ಲಿ ಮೊದಲಿನ ಹಾಗೆ ಇದ್ದದ್ದು ಎರಡೇ. ಒಂದು, ನೀರಿನತ್ತ ಚಾಚಿಕೊಂಡ ಎತ್ತರದ ಕಟ್ಟೆ ಮತ್ತು ಅದರ ಮೇಲಿನ ಬಾಕು. ಇನ್ನೊಂದು, ಅಲ್ಲಿಯ ಗಾಳಿ. ಕಟ್ಟೆಯ ಮೆಟ್ಟಿಲಿಗೆ ಕಾಲಿಟ್ಟರೆ ಸಾಕು, ಸೆರಗು ನಿಲ್ಲುತ್ತಿರಲಿಲ್ಲ. ಇಡೀ ಜಮಖಂಡಿಯ ಗಾಳಿಯೆಲ್ಲ ಆ ಬಾಕಿನ ಮೇಲೆ ಕೂಡಲಿಕ್ಕೆಂದೇ ಬರುತ್ತಿತ್ತು.

ಕಾಕಾ ಚಪ್ಪಲಿ ಕಳಚಿ ಕಟ್ಟೆ ಹತ್ತಿದರು. ಬಾಕು ಒರೆಸಿದರು. ಮುಜರೆ ಮಾಡಿದರು. ಹಿಂದಕ್ಕೆ ಹೆಜ್ಜೆ ಹಾಕುತ್ತ ಇಳಿದರು. ಇನ್ನು ಕಾಕುವನ್ನು ಕೂಡಿಸುತ್ತಾರೆ ಎಂದು ನಾನು ಜಮಖಾನೆ ಹಿಡಿದು ಮುಂದಾದೆ.

‘ಅಲ್ಲೆಲ್ಲಿ ಹೊಂಟಿ? ನಮ್ಮ ಜಾಗಾ ಇಲ್ಲೆದ’ ಎಂದು ಕಟ್ಟೆಯ ಕೆಳಗೆ, ಆಳೆತ್ತರ ಬೆಳೆದ ಮದರಂಗಿ ಬೇಲಿಯ ಹಿಂದೆ ತೋರಿಸಿದರು. ತಾವು ನೌಕರಿಯುದ್ದಕ್ಕೂ ಕೈಕಟ್ಟಿ ನಿಂತ ಜಾಗ! ಅಲ್ಲಿ ಒಂದು ಎಲೆ ಅಲುಗುತ್ತಿರಲಿಲ್ಲ. ಸೊಳ್ಳೆ ಮಾತ್ರ ಇದ್ದವು. ಜಮಖಾನೆ ಹಾಸಿ ಕಾಕುವನ್ನು ಕೂಡಿಸಿದೆವು. ಕಾಕಾ ಕೈಕಟ್ಟಿ ನಿಂತು ಸ್ವಲ್ಪ ಹೊತ್ತಾದ ಮೇಲೆ ಕೇಳಿದರು.

‘ಹವಾ ಬರ್ಲಿಕತ್ತದೇನು?’

ಕಾಕು ಬೆವರು ಒರೆಸಿಕೊಳ್ಳುತ್ತ ಹೇಳಿದರು: ‘ಬರ್ಲಿಕತ್ತದರಿ.’

ಕಾಕಾಗೆ ಸಮಾಧಾನವಾಯಿತು. ಹುಕುಮಿನ ಪಾಲನೆಯಾಯಿತಲ್ಲ! ಹೀಗೆ ಶುರುವಾಯಿತು ನಮ್ಮ ಹವಾಸೇವನೆ. ದಿನಾ ಅದೇ ಟಾಂಗಾ, ಅದೇ ದಿಂಡಿ, ಅದೇ ಬೇಲಿ, ಅದೇ ಪ್ರಶ್ನೆ, ಅದೇ ಉತ್ತರ. ನಾಲ್ಕು ಮಾರು ಆಚೆ, ಕಟ್ಟೆಯ ಮೇಲೆ, ಗಾಳಿ ಭೋರೆಂದು ಖಾಲಿ ಬಾಕಿಗೆ ಬಡಿಯುತ್ತಿತ್ತು. ಕೆಳಗೆ ನಾನು ಕಾಕುವಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದೆ. ಬೀಸಣಿಗೆ ಗಾಳಿ ತಿನ್ನಲು ಟಾಂಗಾ ಮಾಡಿಕೊಂಡು ಕೆರೆಗೆ ಹೋಗುವ ಮನೆತನ ನಮ್ಮದನ್ನು ಬಿಟ್ಟು ಇನ್ನೊಂದು ಇದ್ದರೆ ತೋರಿಸಿ!

ಕಾಕಾಗೆ ಇದ್ದ ಬಾಕಿನ ಭಯ ಉಳಿದವರಿಗೆ ಇರಲಿಲ್ಲವಾಗಿ ಅಲ್ಲಿ ಯಾರು ಯಾರೋ ಬಂದು ಕೂಡುತ್ತಿದ್ದರು. ಒಂದು ದಿನ ನಾವು ಹೋದಾಗ ಕುರಿ ಕಾಯುವ ಮುದುಕನೊಬ್ಬ ಕಂಬಳಿ ಹಾಸಿ, ಬಾಕಿನ ಮೇಲೆ ಆರಾಮಾಗಿ ಕೂತು ರೊಟ್ಟಿ ತಿನ್ನುತ್ತಿದ್ದ. ಕುರಿಗಳು ಕೆಳಗೆ ನೀರು ಕುಡಿಯುತ್ತಿದ್ದವು. ಕಾಕಾನ ರುಮಾಲು ನಡುಗಿತು.

‘ಏಳೋ! ಏಳು ಮೊದಲ! ಅದು ಸರಕಾರದವರ ಬಾಕು!’

ಮುದುಕ ತುತ್ತು ನುಂಗಿದ. ‘ಯಾವ ಸರಕಾರ್ರೀ ಯಪ್ಪಾ? ಮುಂಬೈ ಸರಕಾರ?’

‘ನಮ್ಮ ಸರಕಾರ!’

‘ಅವರು ಬರೂದು ಬಿಟ್ಟು ಬಾಳ ದಿನಾ ಆತಲ್ರಿ.’

‘ನಾಳೆ ಬಂದ್ರ?’

‘ನಾಳೆ ನಾ ಬರಾಂಗಿಲ್ರಿ. ನಾಳೆ ನಾ ಚಿಮ್ಮಡದ ಕಡೀಗೆ ಹೊಂಟೇನಿ’ ಎಂದು ಮುದುಕ ಸಮಾಧಾನ ಹೇಳಿ ಇನ್ನೊಂದು ರೊಟ್ಟಿ ತೆಗೆದ. ಊಟ ಮಾಡುವವರನ್ನು ಎಬ್ಬಿಸುವ ಹಾಗಿಲ್ಲ. ಕಾಕಾ ಅವನ ರೊಟ್ಟಿ ಮುಗಿಯುವ ತನಕ ಉಪರಣೆ ಹಿಡಿದು ಪಕ್ಕದಲ್ಲಿ ನಿಂತರು. ಮುದುಕ ಎದ್ದು, ಬೀರಪ್ಪನ ಹೆಸರು ಹೇಳಿ ಕೈ ಝಾಡಿಸಿ ಹೋದ. ಕಾಕಾ ರೊಟ್ಟಿಯ ಚೂರು ಒರೆಸುವಷ್ಟರಲ್ಲಿ ಅವನ ನಾಯಿ ಹಾರಿ ಬಂದು ಬಾಕಿನ ಮೇಲೆ ಕೂತುಬಿಟ್ಟಿತು! ಉದ್ದ ಮೂತಿ, ಸಣ್ಣ ನಡ. ಕಾಕಾ ಅದನ್ನು ನೋಡಿದರು, ತಿರುಗಿ ನನ್ನನ್ನು ನೋಡಿದರು.

‘ನಿಮ್ಮ ಊರದು’ ಎಂದರು.

ಆ ದಿನ ಕಾಕು ಬಹಳ ಹೊತ್ತು ನಕ್ಕರು. ರಾತ್ರಿಯೆಲ್ಲ ಅದರ ದಂಡ ತೆತ್ತರು. ನಗುವುದಕ್ಕೂ ಉಸಿರು ಬೇಕು ಎಂಬುದು ನನಗೆ ಅವತ್ತು ತಿಳಿಯಿತು. ಮುಂದೆ ಅವರ ಎದುರು ನಗೆಮಾತು ಆಡುವುದನ್ನೇ ಕಡಿಮೆ ಮಾಡಿದೆ. ಅದು ಅವರಿಗೆ ಗೊತ್ತಾಗಿ ಬೇಸರಪಟ್ಟುಕೊಂಡರು.

ಇನ್ನೊಂದು ಆದಿತ್ಯವಾರ. ಧಾರವಾಡದ ಕಡೆಯಿಂದ ವರ್ಗವಾಗಿ ಬಂದಿದ್ದ ಸಾಹೇಬರೊಬ್ಬರು ಹೆಂಡತಿ ಮಕ್ಕಳೊಡನೆ ಬಂದು ಬಾಕಿನ ಮೇಲೆ ಕೂತಿದ್ದರು. ಚುರಮುರಿ ಗಂಟು ಬಿಚ್ಚಿತ್ತು, ಸಾಹೇಬರ ಹೆಂಡತಿ ಕಾಲು ಮಡಚಿ ಮೇಲಿಟ್ಟುಕೊಂಡು ಒರಗಿದ್ದರು. ಎಷ್ಟು ಚೆನ್ನಾಗಿ ಗಾಳಿ ತಿನ್ನುತ್ತಿದ್ದರು ಆಕೆ! ಕಾಕಾ ಮೆಟ್ಟಿಲ ಬುಡದಲ್ಲಿ ಕೈಕಟ್ಟಿ ನಿಂತರು. ಸಾಹೇಬರಿಗೆ ಏಳು ಎನ್ನುವುದು ಹೇಗೆ? ಎನ್ನದಿರುವುದು ಹೇಗೆ? ಕರಿ ಕೋಟು, ರುಮಾಲು ನೋಡಿ ಸಾಹೇಬರು ಇವರು ತೋಟದ ಕಾವಲಿನವರೆಂದು ತಿಳಿದರು.

‘ಸ್ವಲ್ಪ ಕುಡೀಲಿಕ್ಕೆ ನೀರು ಸಿಗ್ತದೇನಪಾ?’

ಕಾಕಾ ಏನು ಮಾಡಿದರೆಂದುಕೊಂಡಿರಿ? ಸಿಟ್ಟಾದರೇ? ನಾನು ರಿಟಾಯರ್ಡ ಕಾರಕೂನ ಎಂದರೇ? ತಿರುಗಿ ಬಂದು ಕಾಕುವಿಗೆಂದು ತಂದ ಫಿರ್ಕಿ ತಂಬಿಗೆ ತೆಗೆದುಕೊಂಡು ಹೋಗಿ, ಲೋಟಕ್ಕೆ ನೀರು ಹಾಕಿ, ಎರಡೂ ಕೈಯಿಂದ ಹಿಡಿದು, ಕಣ್ಣು ಕೆಳಗಿಟ್ಟು ಕೊಟ್ಟರು. ಸಾಹೇಬರು ಕುಡಿದರು, ಮಕ್ಕಳೂ ಕುಡಿದರು. ಕಾಕಾ ಬೆನ್ನು ತೋರಿಸದೆ ಹಿಂದಕ್ಕೆ ಸರಿಯುತ್ತ ಬಂದರು. ಬಾಕಿನ ಮೇಲೆ ಕೂತವರಿಗೆ ಹಾಗೆ ಮಾಡುವುದು ಅವರ ಕೈಕಾಲಿಗೆ ರೂಢಿಯಾಗಿಬಿಟ್ಟಿತ್ತು. ತಂಬಿಗೆಯಲ್ಲಿ ಕಾಕುವಿಗೆ ನೀರು ಉಳಿಯಲಿಲ್ಲ.

ಮನೆಗೆ ಬಂದ ಮೇಲೆ ಕಾಕಾ ರುಮಾಲು ಬಿಚ್ಚದೆ ಪಡಸಾಲೆಯಲ್ಲಿ ಕೂತರು. ನನ್ನ ಗಂಡ, ‘ಹೋಗ್ಲಿ ಬಿಡ್ರಿ ಕಾಕಾ. ಈಗ ಅದು ಎಲ್ಲಾರದ್ದು’ ಎಂದರು.

‘ಎಲ್ಲಾರದ್ದು ಅಂದ್ರ ಯಾರದೂ ಅಲ್ಲ’ ಎಂದರು ಕಾಕಾ. ಅವತ್ತು ಊಟಕ್ಕೆ ಏಳಲಿಲ್ಲ. ಒಳಗಿನಿಂದ ಕಾಕು, ‘ಬಾಯಾರಿದ ಮಂದಿಗೆ ನೀರು ಕೊಟ್ರಿ, ಛಲೋ ಆತು. ಏಳ್ರಿ’ ಎಂದು ಕರೆದರು. ಆ ಒಂದು ಮಾತಿಗೆ ಅವರು ಮೂರು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು.

ದಸರೆ ಬಂತು. ಬನ್ನಿ ಕೊಡಲು ಬಂದವರಿಗೆ ಕಾಕು ಕೂತಲ್ಲಿಂದಲೇ ಕೈ ಮುಗಿದರು. ಕಾಲಿಗೆ ಬಾವು ಬಂದಿತ್ತು. ಡಾಕ್ಟರರು ಮತ್ತೆ ಬಂದು, ‘ಕೆರಿಗೆ ಹೋಗ್ಲಿಕತ್ತೀರೋ ಇಲ್ಲೋ?’ ಎಂದು ಕೇಳಿದರು. ‘ದಿನಾ ಹೋಗ್ತೀವಿ’ ಎಂದರು ಕಾಕಾ, ಎದೆಯುಬ್ಬಿಸಿ. ‘ಹಂಗಾದ್ರ ಗುಣಾ ಯಾಕ ಕಾಣವಲ್ದು?’ ಎಂದು ಡಾಕ್ಟರರು ಚಿಂತೆಗೆ ಬಿದ್ದರು. ಡಾಕ್ಟರರು ಹೋದ ಮೇಲೆ ತಡೆಯಲಾರದೆ, ತಲೆ ತಗ್ಗಿಸಿಕೊಂಡೇ ಹೇಳಿದೆ.

‘ಕಾಕಾ, ಬೇಲಿ ಹಿಂದ ಹವಾ ಬರಂಗಿಲ್ರಿ. ಕಾಕುನ್ನ ಬಾಕಿನ ಮ್ಯಾಲೆ ಕೂಡಸೂಣ್ರಿ.’

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಅವರ ಉಪ್ಪು ಉಂಡೇನವಾ’ ಎಂದರು ಮೆಲ್ಲಗೆ. ‘ಅವರು ಇಲ್ಲದಾಗ ಅವರ ಜಾಗಾದಾಗ ನನ್ನ ಹೆಂಡ್ತೀನ್ನ ಕೂಡಸಿದ್ರ ನಾ ಏನಾದೆ? ಇಷ್ಟು ವರ್ಷ ಏನು ಕಾಯ್ದೆ?’ ಹೇಳುವಾಗ ಅವರ ಕಣ್ಣು ತುಂಬಿದ್ದವು. ಹುಚ್ಚರ ಮೇಲೆ ಸಿಟ್ಟು ಮಾಡಬಹುದು. ಕಣ್ಣು ತುಂಬಿದ ಹುಚ್ಚರ ಮೇಲೆ ಸಿಟ್ಟು ಮಾಡುವುದು ಹೇಗೆ?

ಆದರೂ ನಾನು ಮುಧೋಳದವಳು. ಒಂದು ದಿನ ಕಾಕಾ ಪಿಂಚಣಿಯ ಕೆಲಸಕ್ಕೆ ವಿಜಾಪುರಕ್ಕೆ ಹೋದರು. ನಾನು ಕಾಕುವಿಗೆ ಹಳೆಯ ಮೆತ್ತನೆ ಸೀರೆ ಉಡಿಸಿ, ನತ್ತು ಪೆಟ್ಟಿಗೆಯಲ್ಲೇ ಬಿಟ್ಟು, ಟಾಂಗಾವನ್ನು ಬಿದ್ದ ಗೋಡೆಯ ಬಯಲಿನಿಂದ ನೇರ ತೋಟದೊಳಗೆ ಹೊಡೆಸಿದೆ. ಎಮ್ಮೆಗಳಿಗೆ ಇದ್ದ ಮರ್ಯಾದೆ ನಮಗೂ ಆ ದಿನ ಸಿಕ್ಕಿತು! ಕಟ್ಟೆಯ ಮೆಟ್ಟಿಲ ತನಕ ಕೈಹಿಡಿದು ತಂದೆ. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ ಕೂಡಲೆ ಗಾಳಿ ಬಂದು ಅವರ ಮುಖಕ್ಕೆ ಬಡಿಯಿತು. ಕಾಕು ಕಣ್ಣು ಮುಚ್ಚಿದರು. ನಾನು ಬಂದಾಗಿನಿಂದ ನೋಡದ ಹಾಗೆ, ಎದೆ ತುಂಬ ಒಂದು ಉಸಿರು ಎಳೆದುಕೊಂಡರು.

‘ಇನ್ನೆರಡು ಮೆಟ್ಲ ಅದಾವ ಕಾಕು. ಬರ್ರಿ.’

ಕಾಕು ಅಲ್ಲೇ ನಿಂತರು. ಬಾಕನ್ನು ಬಹಳ ಹೊತ್ತು ನೋಡಿದರು.

‘ನನಗ ಸವತಿ ಇದ್ದಾಳ ಅಂತ ಲಗ್ನ ಆದ ವರ್ಷನs ಗೊತ್ತಾತು. ದಿನಾ ಸಂಜಿಮುಂದ ಹೋಗ್ತಿದ್ರಲ್ಲ’ ಎಂದರು. ‘ಆದರ ಕಲ್ಲಿನಾಕಿ ಅಂತ ತಿಳೀಲಿಕ್ಕೆ ಭಾಳ ದಿನಾ ಹಿಡೀತು. ನೋಡು, ನನಗ ಈ ಗತಿ ಬಂತು. ಆಕಿ ಹೆಂಗಿದ್ಲೋ ಹಂಗs ಇದ್ದಾಳ.’

‘ಹಂಗಾದ್ರ ಆಕಿ ಮ್ಯಾಲೆ ಕೂತು ಸೇಡು ತೀರಿಸಿಕೊಳ್ರಿ!’

ಕಾಕು ನಗಲಿಲ್ಲ. ಮೆಟ್ಟಿಲಿನಿಂದ ಕಾಲು ತೆಗೆದರು. ‘ಬ್ಯಾಡವಾ. ಅವರು ಇಲ್ಲದಾಗ ಕಳ್ಳರಂಗ ಕೂತು ನಾ ಏನು ಗಳಸಲಿ? ಕೂಡಿಸಿದ್ರ ಅವರs ಕೂಡಿಸಬೇಕು. ಇಲ್ಲಾಂದ್ರ ಆ ಹವಾ ನನಗ ಒಲ್ಲೆ.’

ಎಷ್ಟು ಹೇಳಿದರೂ ಕೇಳಲಿಲ್ಲ. ತಾವಾಗಿಯೇ ಹೋಗಿ ಬೇಲಿಯ ಹಿಂದೆ ಕೂತರು. ಒಬ್ಬರು ಉಪ್ಪಿನ ಋಣ ಹಿಡಿದು ಕೂತವರು, ಇನ್ನೊಬ್ಬರು ಗಂಡನ ಬಾಯಿಂದ ಒಂದು ಮಾತು ಬರಲಿ ಎಂದು ಕೂತವರು. ಇವರಿಬ್ಬರ ನಡುವೆ ನನ್ನ ಬೀಸಣಿಗೆ! ಹೇಳಿ, ಈ ಮನೆಯಲ್ಲಿ ಹುಚ್ಚರು ಯಾರು? ನನಗಂತೂ ಆಗ ಇಬ್ಬರ ಮೇಲೂ ಅಳು ಬರುವಷ್ಟು ಸಿಟ್ಟು ಬಂದಿತ್ತು.

ಕಾಕು ಆ ಥಂಡಿ ದಾಟಲಿಲ್ಲ. ಸಂಕ್ರಮಣದ ಕುಸುರೆಳ್ಳು ಮಾಡುವ ಹೊತ್ತಿಗೆ ಅವರು ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳಲು ನನಗೆ ಮನಸ್ಸಿಲ್ಲ. ಕೊನೆಗೆ ಹೇಳಬೇಕಾದದ್ದು ಅದಕ್ಕೂ ಮೊದಲಿನದು, ಕಾರ್ತಿಕದ್ದು.

ಕಾರ್ತಿಕದಲ್ಲಿ ನಮ್ಮವರಲ್ಲಿ ಆವಳಿ ಭೋಜನದ ಪದ್ಧತಿ. ನೆಲ್ಲಿ ಗಿಡದ ಬುಡದಲ್ಲಿ ಪೂಜೆ ಮಾಡಿ, ಅಲ್ಲೇ ಒಲೆ ಹೂಡಿ ಅಡಿಗೆ ಮಾಡಿ, ನೆಂಟರಿಷ್ಟರೆಲ್ಲ ಅದರ ನೆರಳಲ್ಲೇ ಉಣ್ಣುವುದು. ಕೆರೆಯ ತೋಟದಲ್ಲಿ ಒಂದು ದೊಡ್ಡ ನೆಲ್ಲಿ ಗಿಡ ಉಳಿದಿತ್ತು. ಆ ವರ್ಷ ಭೋಜನ ಬೇಡವೆಂದು ನನ್ನ ಗಂಡ ಹೇಳಿದರು. ಕಾಕು ಬೇಕೆಂದರು. ‘ಎಲ್ಲಾರನ್ನೂ ಒಮ್ಮೆ ಕರೀರಿ, ನೋಡ್ತೀನಿ’ ಎಂದರು. ಯಾಕೆ ಹಾಗೆಂದರೆಂದು ಯಾರೂ ಕೇಳಲಿಲ್ಲ. ಮುಧೋಳದಿಂದ ನನ್ನ ತವರಿನವರು ಬಂದರು, ರಬಕವಿಯಿಂದ ಕಾಕುವಿನ ಅಕ್ಕ ಬಂದರು, ಬೀಳಗಿಯಿಂದ ಅವರ ತಮ್ಮ ಬಂದರು. ಕಾಕುವನ್ನು ಟಾಂಗಾದಿಂದ ಇಳಿಸಿ ಕುರ್ಚಿಯ ಮೇಲೆ ಹೊತ್ತು ತಂದರು. ಕುರ್ಚಿ ದಿಂಡಿಯಲ್ಲಿ ಹಿಡಿಯಲಿಲ್ಲ. ನನ್ನ ಗಂಡ, ಬೀಳಗಿಯ ಮಾವ ಇಬ್ಬರೂ ಕಾಕಾನ ಮುಖ ನೋಡದೆ ಕುರ್ಚಿಯನ್ನು ಗೋಡೆಯ ಬಯಲಿನಿಂದ ಒಳಗೆ ತಂದರು. ಕಾಕಾ ಒಬ್ಬರೇ ದಿಂಡಿಯಿಂದ ಬಗ್ಗಿ ಬಂದರು.

ಬೇಲಿಯ ಹಿಂದೆ ಜಮಖಾನೆ, ಲೋಡು. ಕಾಕು ಒರಗಿ ಕೂತು ಬಂದವರ ಮುಖಗಳನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದರು. ಮಾತು ಕಡಿಮೆ. ಕಾಕಾ ಕಟ್ಟೆ ಹತ್ತಿ ಎಂದಿನಂತೆ ಬಾಕು ಒರೆಸಿ ಇಳಿದರು. ನೆಲ್ಲಿ ಗಿಡದ ಕೆಳಗೆ ಒಲೆ ಹೊತ್ತಿದವು. ಹಿಂದಿನ ದಿನ ಇಬ್ಬನಿ ಬಿದ್ದಿತ್ತೋ ಏನೋ, ಕಟ್ಟಿಗೆ ಹೊಗೆ ಕಾರತೊಡಗಿತು. ಆ ಹೊಗೆ ಬಂದು ಬೇಲಿಯ ಹಿಂದಿನ ಸಂದಿಯಲ್ಲಿ ನಿಂತಿತು. ಅಲ್ಲಿ ಗಾಳಿ ಇದ್ದರಲ್ಲವೇ ಹೋಗುವುದು?

ಕಾಕುವಿಗೆ ಉಸಿರು ಕಟ್ಟಿತು. ಕೆಮ್ಮಲೂ ಆಗದೆ ಬಾಯಿ ತೆರೆದರು. ತುಟಿ ಕಪ್ಪಾಯಿತು. ಅಕ್ಕ ಬೆನ್ನು ನೀವಿದರು, ನಾನು ಬೀಸಿದೆ, ಯಾರೋ ಒಲೆಗೆ ನೀರು ಹಾಕಿ ಇನ್ನಷ್ಟು ಹೊಗೆ ಎಬ್ಬಿಸಿದರು. ಗದ್ದಲದ ನಡುವೆ ಕಾಕಾ ಬಂದು ಮುಂದೆ ನಿಂತರು. ಅವರಿಗೆ ಬೇರೆ ಏನು ಕೇಳಲು ಬರುತ್ತಿತ್ತು?

‘ಹವಾ... ಹವಾ ಬರ್ಲಿಕತ್ತದೇನು?’

ಕಾಕು ಅವರನ್ನು ನೋಡಿದರು. ಇಷ್ಟು ತಿಂಗಳು ಬಂದಿದೆ ಎಂದೇ ಹೇಳಿದ ಹೆಂಗಸು, ತಲೆ ಅಲ್ಲಾಡಿಸಿದರು. ಇಲ್ಲ.

ಕಾಕಾ ಬಗ್ಗಿ, ಎಲ್ಲರೆದುರು, ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಕಾಕು ಆಗ ಎಷ್ಟು ಹಗುರಾಗಿದ್ದರೆಂದರೆ ಆ ಮುದುಕರಿಗೆ ತ್ರಾಸಾಗಲಿಲ್ಲ. ರುಮಾಲು ಬಿದ್ದು ಉರುಳಿತು, ತಿರುಗಿ ನೋಡಲಿಲ್ಲ. ಚಪ್ಪಲಿ ಕಳಚಲಿಲ್ಲ. ಚಪ್ಪಲಿ ಕಾಲಲ್ಲೇ ಕಟ್ಟೆಯ ಮೆಟ್ಟಿಲು ಹತ್ತಿದರು. ಮುಜರೆ ಇಲ್ಲ, ಏನಿಲ್ಲ. ಹೋಗಿ ಕಾಕುವನ್ನು ಬಾಕಿನ ನಟ್ಟನಡುವೆ, ಕೆರೆಗೆ ಮುಖ ಮಾಡಿ ಕೂಡಿಸಿದರು.

ಗಾಳಿ ಬಂದು ಕಾಕುವಿನ ಸೆರಗು ಹಾರಿಸಿತು. ಒಂದು ಉಸಿರು ಒಳಗೆ ಹೋಯಿತು. ಇನ್ನೊಂದು ಹೋಯಿತು. ನಾನು ಮೆಟ್ಟಿಲ ಹತ್ತಿರ ಬೀಸಣಿಗೆ ಹಿಡಿದು ನಿಂತಿದ್ದೆ, ಬೀಸಬೇಕಾದ ಕೆಲಸವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಾಕುವಿನ ತುಟಿಗೆ ಬಣ್ಣ ಬಂತು. ತಾವು ಎಲ್ಲಿ ಕೂತಿದ್ದೇವೆಂದು ಆಗ ಅರಿವಾಯಿತೋ ಏನೋ, ಕಲ್ಲನ್ನು ಅಂಗೈಯಿಂದ ಮುಟ್ಟಿ ನೋಡಿ, ಗಾಬರಿಯಾಗಿ ಗಂಡನತ್ತ ತಿರುಗಿದರು.

‘ಅಲ್ರೀ... ಸರಕಾರದವರು ಬಂದ್ರ?’

ಕಾಕಾ ಬರಿತಲೆಯಲ್ಲಿ ನಿಂತು ಅವರ ಸೆರಗನ್ನು ಎರಡೂ ಹೆಗಲಿಗೆ ಹೊದಿಸುತ್ತಿದ್ದರು.

‘ಬಂದ್ರ ನಿಂದರ್ತಾರ’ ಎಂದರು.

ಕಾಕು ಅವರ ಮುಖವನ್ನೇ ನೋಡಿದರು. ಆಮೇಲೆ ಕಷ್ಟಪಟ್ಟು ತುಸು ಬದಿಗೆ ಸರಿದು, ಪಕ್ಕದ ಕಲ್ಲನ್ನು ಸೆರಗಿನ ತುದಿಯಿಂದ ಒರೆಸಿದರು. ಕಾಕಾ ಕೂತರು.